ಅರಿಶಿನದ ಕಣದ ಮೇಲಿನ ತಿರುವು

ತೆರಕಣಾಂಬಿಯನ್ನು ದಾಟಿ ಬಸ್ಸು ಹರವೆಯ ದಾರಿ ಹಿಡಿದಾಗ ಅರಿಶಿನ ಬೇಯಿಸುವ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ನಾನು ಮುಖವನ್ನು ಆಚೆ ತಿರುಗಿಸಿಕೊಂಡೆ. ಪಕ್ಕದಲ್ಲಿದ್ದ ಹೆಂಗಸು, "ಬಸ್ಸು ಆಗಕಿಲ್ವ ಯಜಮಾನ್ರೆ? ಕಿಟ್ಕಿ ಕಡೀಕೆ ಬನ್ನಿ, ನನ್ ಸೀರೆ ಮ್ಯಾಲೆ ಕಕ್ಬುಟ್ಟೀರಿ" ಎಂದಳು. ವಿಮಾನದ ತೆರೆದ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕುಳಿತು ಸಂಬಳ ಪಡೆದವನು ನಾನೆಂದು ಅವಳಿಗೆ ಹೇಳಿ ಪ್ರಯೋಜನವಿರಲಿಲ್ಲ. ಸುಮ್ಮನೆ ಜಾಗ ಬದಲಾಯಿಸಿದೆ. ಕಿಟಕಿಯ ಬದಿಯಲ್ಲಿ ವಾಸನೆ ಇನ್ನೂ ಹೆಚ್ಚಾಯಿತು. ಹಸಿ ಮಣ್ಣು, ಆವಿ ಹಿಡಿದ ಗೋಣಿತಾಟು, ಅದರಡಿಯಲ್ಲಿ ಕರ್ಪೂರವನ್ನು ನೆನಪಿಸುವ ಒಂದು ಕಹಿ. ಈ ಸೀಮೆಯ ಜನಕ್ಕೆ ಅದು ಬೆಳೆ ಕೈಗೆ ಬಂದ ವಾಸನೆ. ನನಗೆ ಅದು ಒಂದೇ ಒಂದು ಚಳಿಗಾಲದ ವಾಸನೆ.

ನಾನು ಹೊರಟಿದ್ದು ಪುಟ್ಟತಾಯಮ್ಮನ ಹನ್ನೊಂದನೆಯ ದಿನದ ಕಾರ್ಯಕ್ಕೆ.

ಯಾರು ಯಾವಾಗ ಏನೆಂದರು ಎಂಬುದನ್ನು ನೆನಪಿಟ್ಟುಕೊಳ್ಳುವುದು ನನ್ನ ಚಟವೆಂದು ನಮ್ಮ ಮನೆಯವರು ದೂರುತ್ತಾರೆ. ಅದು ಚಟವಲ್ಲ, ಕಸುಬು. ಹತ್ತಾರು ಎಳೆಗಳ ಪೈಕಿ ಯಾವ ಎಳೆ ಯಾವಾಗ ಸವೆದಿತ್ತು ಎಂಬುದನ್ನು ಮರೆತವನು ಪ್ಯಾರಾಚೂಟಿನ ಹತ್ತಿರ ಸುಳಿಯಬಾರದು. ಸೇನೆಯಲ್ಲಿ ನಾನು ಸೈನಿಕರಿಗೆ ಜಿಗಿಯುವುದನ್ನೂ, ಅದಕ್ಕಿಂತ ಕಷ್ಟವಾದ ಇಳಿಯುವುದನ್ನೂ ಕಲಿಸಿದವನು. ನಿವೃತ್ತನಾಗಿ ಗುಂಡ್ಲುಪೇಟೆಯಲ್ಲಿ ಮನೆ ಮಾಡಿಕೊಂಡಿದ್ದಾಗ, ಹರವೆಗೂ ನಮ್ಮೂರು ಉಡಿಗಾಲಕ್ಕೂ ನಡುವಿನ ಬಯಲಲ್ಲಿ ಯಾರೋ ಶ್ರೀಮಂತರು ತಮ್ಮ ಪುಟ್ಟ ವಿಮಾನಕ್ಕೆಂದು ಮಾಡಿಸಿ ಮರೆತಿದ್ದ ಡಾಂಬರು ಪಟ್ಟಿಯನ್ನು ಗುತ್ತಿಗೆ ಹಿಡಿದು, ಊರವರು 'ಕ್ಯಾಂಪು' ಎಂದು ಕರೆದ ಒಂದು ಸ್ಕೈಡೈವಿಂಗ್ ಶಿಬಿರವನ್ನು ಯಾವುದೋ ಕಂಪನಿಯವರು ತೆರೆದರು. ಸುರಕ್ಷತೆಗೆ ಒಬ್ಬ ಅನುಭವಿ ಬೇಕೆಂದು ಅವರೇ ಮನೆ ಹುಡುಕಿಕೊಂಡು ಬಂದರು. ನಾನಾಗಿ ಹೋಗಲಿಲ್ಲ. ಈ ಮಾತನ್ನು ಸ್ಪಷ್ಟವಾಗಿ ದಾಖಲಿಸಬೇಕೆಂದು ಬಯಸುತ್ತೇನೆ. ಏಕೆಂದರೆ ಆಮೇಲೆ ಅದರ ವ್ಯವಸ್ಥಾಪಕ, 'ಪಾಪ, ವಯಸ್ಸಾದವರು, ಮನೇಲಿ ಬೇಜಾರು ಅಂತ ಬರ್ತಾ ಇದ್ರು' ಎಂದು ಹೇಳಿಕೊಂಡು ತಿರುಗಿದ.

ಈ ವ್ಯವಸ್ಥಾಪಕ ಮೊದಲ ದಿನವೇ ನನ್ನನ್ನು 'ಅಂಕಲ್' ಎಂದ. ಎರಡನೆಯ ವಾರ ನನ್ನ ಮರದ ಕುರ್ಚಿಯನ್ನು ಅತಿಥಿಗಳಿಗೆಂದು ಒಯ್ದು ಪ್ಲಾಸ್ಟಿಕ್ ಸ್ಟೂಲು ಇಡಿಸಿದ. ಗೋಡೆಯ ಫಲಕದಲ್ಲಿ ನನ್ನ ಹೆಸರು ತಪ್ಪಾಗಿ ಬರೆಯಿಸಿದ್ದನ್ನು ಎರಡು ಸಲ ತಿಳಿಸಿದರೂ ತಿದ್ದಿಸಲಿಲ್ಲ. ಇಷ್ಟನ್ನೂ ನಾನು ಸಹಿಸಿದ್ದು ಸವಿತೆಗಾಗಿ.

ಸವಿತಾ ಹರವೆಯವಳು. ಹೆತ್ತವಳು ಚಿಕ್ಕಂದಿನಲ್ಲೇ ತೀರಿಕೊಂಡಿದ್ದರಿಂದ ತಾಯಿಯ ತಂಗಿ ಪುಟ್ಟತಾಯಮ್ಮನೇ ಅವಳನ್ನು ಸಾಕಿದ್ದಳು. ಪುಟ್ಟತಾಯಮ್ಮ ಗಂಡನಿಲ್ಲದವಳು, ತನ್ನ ತುಂಡು ಹೊಲದಲ್ಲಿ ಅರಿಶಿನ, ಸಣ್ಣ ಈರುಳ್ಳಿ ಹಾಕಿ, ಉಳಿದ ದಿನ ಬೇರೆಯವರ ಹೊಲಗಳಲ್ಲಿ ದುಡಿಯುತ್ತಿದ್ದಳು. ಸವಿತಾ ಕಾಲೇಜಿನ ಕೆಡೆಟ್ ದಳದಲ್ಲಿದ್ದಾಗ ಒಮ್ಮೆ ಪ್ಯಾರಾಚೂಟು ಕಟ್ಟಿಕೊಂಡು ಜಿಗಿದು ಬಂದು, ಅದನ್ನು ಬಿಟ್ಟು ಬೇರೇನೂ ಬೇಡವೆಂದು ನಿಶ್ಚಯಿಸಿಬಿಟ್ಟಿದ್ದಳು. ಶಿಬಿರದಲ್ಲಿ ಅವಳಿಗೆ ಸಿಕ್ಕಿದ್ದು ಪ್ಯಾರಾಚೂಟು ಮಡಿಸುವ ಕೆಲಸ. ಬಿಡುವಿನಲ್ಲಿ ಜಿಗಿಯುವ ಅವಕಾಶ ಕೊಡುತ್ತಿದ್ದರು. ಅವಳ ಆಸೆ ಒಂದೇ: ಚಿಕ್ಕ, ವೇಗದ ಪ್ಯಾರಾಚೂಟನ್ನು ಹಾರಿಸಿ ಇಳಿಸುವುದನ್ನು ಕಲಿತು, ಕಲಿಸುವವಳಾಗಬೇಕು. ಬೇರೆಯವರು ಇಳಿದು ಬಿಸಾಡಿದ ಬಟ್ಟೆಯನ್ನು ಮಡಿಸುತ್ತ ಕೂರುವುದು ಅವಳಿಗೆ ಸಾಕಾಗಿತ್ತು.

ಈಗಿನ ಪ್ಯಾರಾಚೂಟು ಕೊಡೆಯಲ್ಲ, ರೆಕ್ಕೆ. ಗಾಳಿ ತುಂಬಿಕೊಂಡು ಹಾಸಿಗೆಯಂತೆ ಉಬ್ಬಿ ಮುಂದಕ್ಕೆ ಹಾರುತ್ತದೆ. ಎರಡು ಕೈಗೂ ಒಂದೊಂದು ಹಿಡಿ ಇರುತ್ತದೆ. ಎಡದ ಹಿಡಿ ಎಳೆದರೆ ಎಡಕ್ಕೆ ತಿರುಗುತ್ತದೆ. ತಿರುಗುವಾಗ ಮೂತಿ ಕೆಳಗೆ ಮಾಡಿ ಧುಮುಕುತ್ತದೆ. ನೆಲದ ಹತ್ತಿರ ಎರಡನ್ನೂ ಸಮವಾಗಿ ಎಳೆದರೆ ವೇಗ ಸತ್ತು, ಮನುಷ್ಯ ಮೆಟ್ಟಿಲಿಳಿದಂತೆ ಇಳಿಯುತ್ತಾನೆ. ರೆಕ್ಕೆ ಚಿಕ್ಕದಾದಷ್ಟೂ ಎಲ್ಲವೂ ಚುರುಕು. ದೊಡ್ಡದು ತಪ್ಪನ್ನು ಕ್ಷಮಿಸುತ್ತದೆ, ಚಿಕ್ಕದು ಕ್ಷಮಿಸುವುದಿಲ್ಲ. ಬಿಚ್ಚಿಕೊಳ್ಳದ ಪ್ಯಾರಾಚೂಟೇ ಕೊಲ್ಲುತ್ತದೆಂದು ಜನ ತಿಳಿದಿದ್ದಾರೆ. ಚೆನ್ನಾಗಿ ಬಿಚ್ಚಿಕೊಂಡ, ಒಂದು ಎಳೆಯೂ ಸಿಕ್ಕಾಗದ ರೆಕ್ಕೆಯ ಕೆಳಗೆ, ನೆಲಕ್ಕೆ ತೀರ ಹತ್ತಿರದಲ್ಲಿ ತಿರುವು ತೆಗೆದುಕೊಂಡು ಸತ್ತವರನ್ನು ನಾನು ಹೊತ್ತಿದ್ದೇನೆ.

ಆದುದರಿಂದ ನಾನು ಅವಳಿಗೆ ಮೊದಲು ಕಲಿಸಿದ್ದು ಚಪ್ಪಟೆ ತಿರುವು: ಎರಡೂ ಹಿಡಿಗಳನ್ನು ಅರ್ಧಕ್ಕೆ ಎಳೆದು ವೇಗ ತಗ್ಗಿಸಿ, ಒಂದನ್ನು ಮಾತ್ರ ಕೊಂಚ ಸಡಿಲಿಸಿ, ರೆಕ್ಕೆ ಧುಮುಕದಂತೆ ದಿಕ್ಕು ಬದಲಿಸುವುದು. ನಾನು ಕಪ್ಪುಹಲಗೆಯ ಮೇಲೆ ಗೆರೆ ಎಳೆದು ವಿವರಿಸುತ್ತಿರುವಾಗಲೇ ಅವಳೆಂದಳು:

"ಗೊತ್ತಾಯ್ತು ಬುಡಿ ಸಾರ್. ಇಳಿಜಾರ್‌ನಲ್ಲಿ ಗಾಡಿ ತಿರುಗ್ಸ ಅಂಗೆ. ಎರಡೆತ್ತಿನ ಅಗ್ಗಾನೂ ಬಿಗಿ ಇಡ್ದು ಒಂದರದ್ದ ಮಾತ್ರ ಒಸಿ ಬುಡದು. ಒಂದನ್ನೇ ಜಗ್ಗುದ್ರೆ ಗಾಡಿ ಮೊಗಚ್ಕತದೆ."

ಗಾಡಿ ಹೊಡೆಯುವುದು ನಿನಗೆ ಹೇಗೆ ಗೊತ್ತೆಂದು ಕೇಳಿದೆ. "ನಮ್ಮವ್ವ ಒಡೀತಿದ್ಲು. ಗಂಡಸ್ರು ಇಲ್ದಿರ ಮನೇಲಿ ಮತ್ಯಾರ್ ಒಡೀಬೇಕು?" ಎಂದಳು. ಚಿಕ್ಕಮ್ಮನನ್ನು ಅವಳು ಅವ್ವ ಎಂದೇ ಕರೆಯುತ್ತಿದ್ದಳು.

ಎರಡನೆಯ ಪಾಠ ಇನ್ನೂ ಸರಳ. ಮರದೆತ್ತರಕ್ಕೆ ಬಂದ ಮೇಲೆ ದಾರಿ ಬದಲಿಸಬಾರದು. ಎದುರಿಗೆ ಏನಿದೆಯೋ ಅದರ ಮೇಲೆಯೇ ನೇರವಾಗಿ ಇಳಿಯಬೇಕು. ಕೈಕಾಲು ಮುರಿದರೂ ಮನುಷ್ಯ ಉಳಿಯುತ್ತಾನೆ. ಈ ಪಾಠವನ್ನು ನಾನು ದಿನವೂ ಒಪ್ಪಿಸಿಕೊಳ್ಳುತ್ತಿದ್ದೆ. ಅವಳು ದಿನವೂ ನನ್ನನ್ನು ಕೆಣಕುತ್ತಿದ್ದಳು.

"ಎದುರ್‌ಗೆ ತಿಪ್ಪೆ ಇದ್ರೆ ಸಾರ್?"

"ತಿಪ್ಪೆಗೇ ಇಳಿ."

"ಎಮ್ಮೆ ಇದ್ರೆ?"

"ಇಳಿದ ಮೇಲೆ ಎಮ್ಮೆಯ ಕ್ಷಮೆ ಕೇಳು."

"ಮದ್ವೆ ಚಪ್ರ ಇದ್ರೆ?"

"ಊಟ ಮುಗಿಸಿಕೊಂಡು ಬಾ."

"ಮ್ಯಾನೇಜರ್ ನಿಂತಿದ್ರೆ?"

ಆ ಪ್ರಶ್ನೆಗೆ ನಾನು ನಕ್ಕೆನೆಂದು ಅವಳು ಊರೆಲ್ಲ ಹೇಳಿಕೊಂಡು ಬಂದಳು. ಅರಿಶಿನವಿದ್ದರೆ ಎಂದು ಮಾತ್ರ ಅವಳು ಎಂದೂ ಕೇಳಲಿಲ್ಲ.

ಇಳಿಯುವ ಬಯಲಿನ ಪಶ್ಚಿಮದ ತುದಿಗೆ ಪುಟ್ಟತಾಯಮ್ಮನ ಕಣವಿತ್ತು. ಗಾಳಿ ಹಠಾತ್ತನೆ ಸತ್ತರೆ ರೆಕ್ಕೆ ಗುರಿ ಮೀರಿ ಮುಂದಕ್ಕೆ ಹೋಗುತ್ತದೆ. ಅಂಥ ವೇಳೆಗೆ ಆ ಕಣವೂ ಅದರಾಚೆಯ ಪಾಳೂ ಖಾಲಿ ಇರಬೇಕೆಂದು ನಾನು ಮೊದಲೇ ಸುಣ್ಣದ ಗೆರೆ ಹಾಕಿಸಿದ್ದೆ. ಗೆರೆ ನೋಡಲು ಹೋದ ದಿನ ಬೂಟುಗಾಲಿನಲ್ಲೇ ಕಣಕ್ಕೆ ಇಳಿದೆ. ಮೂಲೆಯಲ್ಲಿ ಹಿಂದಿನ ವರ್ಷದ ಅರಿಶಿನ ಹರಡಿಕೊಂಡು ಆರಿಸುತ್ತ ಕುಳಿತಿದ್ದ ಹೆಂಗಸು ತಲೆ ಎತ್ತದೆಯೇ ಕೇಳಿದಳು:

"ಏನ್ ಸಾಮಿ, ಮಿಲ್ಟ್ರೀಲಿ ಮೆಟ್ಟು ಬುಡದ ಯೋಳ್ಕೊಡ್ನಿಲ್ವ?"

ನನಗಿಂತ ಕಿರಿಯಳಾದ ಅಪರಿಚಿತೆ ಹಾಗೆ ಕೇಳಿದ್ದು ಚುಚ್ಚಿತು. ಆದರೆ ಉಡಿಗಾಲದಲ್ಲಿ ನಾನು ಹುಡುಗನಾಗಿದ್ದಾಗ, ಹರಡಿದ ಅರಿಶಿನದ ಮೇಲೆ ಚಪ್ಪಲಿಗಾಲು ಇಟ್ಟದ್ದಕ್ಕೆ ನನ್ನ ತಾಯಿ ಹುಣಸೆ ಬರಲಿನಿಂದ ಕೊಟ್ಟ ಏಟು ಮೀನಖಂಡದ ಮೇಲೆ ಮತ್ತೆ ಉರಿಯಿತು. ಅರಿಶಿನ ಮನೆಗೆ ಬರುವ ಲಕ್ಷ್ಮಿ. ಕಾಲು ತೊಳೆದು, ಬರಿಗಾಲಿನಲ್ಲಿ, ಹರಡುವ ಗೋರೆ ಹಿಡಿದು ಅದರ ನಡುವೆ ನಡೆಯಬಹುದು. ಮೆಟ್ಟು ಹಾಕಿಕೊಂಡು ತುಳಿಯುವುದಿಲ್ಲ. ಅದಕ್ಕೆ ಯಾರೂ ಕಾರಣ ಹೇಳಿಕೊಡುವುದಿಲ್ಲ, ಯಾರೂ ಕೇಳುವುದೂ ಇಲ್ಲ. ನಾನು ಬಾಗಿ ಬೂಟು ಬಿಚ್ಚಿದೆ. ಆ ಶಿಬಿರದ ಕಾಲದಲ್ಲಿ ನಾನು ಮರುಮಾತಿಲ್ಲದೆ ಒಪ್ಪಿಕೊಂಡ ಏಕೈಕ ಗದರಿಕೆ ಅದು.

"ಸವಿತಮ್ಮಿ ಮೇಷ್ಟ್ರಲ್ವ?" ಎಂದಳು ಆಗ, ಮುಖ ನೋಡಿ. "ನಮ್ ಮಗೀನ ಬೀಳ್ಸ್‌ಬುಟ್ಟೀರಿ, ಜ್ವಾಪಾನ."

"ಬೀಳುವುದನ್ನು ಬಿಡಿಸುವುದೇ ನನ್ನ ಕೆಲಸ ತಾಯಿ" ಎಂದೆ.

ಆ ಚಳಿಗಾಲದ ಬೆಳಗುಗಳು ಅಪೂರ್ವವಾಗಿದ್ದವು. ಗೋಪಾಲಸ್ವಾಮಿ ಬೆಟ್ಟದ ಕಡೆ ಮಂಜು ಕುಳಿತಿರುತ್ತಿತ್ತು. ಮೂಡಲಿಂದ ತೆಳುಗಾಳಿ ಬರುತ್ತಿತ್ತು. ಸವಿತಾ ದೊಡ್ಡ ರೆಕ್ಕೆಯಲ್ಲಿ ಚಪ್ಪಟೆ ತಿರುವು, ಅಡ್ಡಗಾಳಿಯ ಇಳಿತ, ನೇರ ಇಳಿತ ಎಲ್ಲವನ್ನೂ ಒಂದೊಂದಾಗಿ ಪಳಗಿಸಿಕೊಂಡಳು. ಇಳಿದವಳು ಬಟ್ಟೆಯನ್ನು ತೋಳಿಗೆ ಸುತ್ತಿಕೊಂಡು ನನ್ನ ಸ್ಟೂಲಿನ ಹತ್ತಿರ ಬಂದು ವರದಿ ಒಪ್ಪಿಸುತ್ತಿದ್ದಳು. ಒಂದು ದಿನ ಎಂದಳು:

"ಮ್ಯಾಲಿಂದ ಎಲ್ಲಾ ಕೇಳಿಸ್ತದೆ ಸಾರ್. ನಾಯಿ ಬೊಗುಳದು, ಬಸ್ಸಿನ ಆರ್ನು, ಎಲ್ಲಾನೂ. ನಮ್ಮವ್ವ ಮೇಕೆ ಬಯ್ತಿದ್ಲು, ಅದೂ ಕೇಳಿಸ್ತು. ಏನ್ ಬೈಗುಳ ಅಂತೀರಿ."

ಅದು ನಿಜ. ರೆಕ್ಕೆ ಬಿಚ್ಚಿಕೊಂಡ ಮೇಲೆ ಆಕಾಶದಲ್ಲಿ ಒಂದು ಬಗೆಯ ನಿಶ್ಶಬ್ದವಿರುತ್ತದೆ. ನೆಲದ ಸದ್ದುಗಳು ಬಾವಿಯೊಳಗಿನಿಂದ ಬಂದಂತೆ ತಿಳಿಯಾಗಿ ಮೇಲಕ್ಕೆ ಬರುತ್ತವೆ. ಜಿಗಿದವರಿಗೆ ಮಾತ್ರ ತಿಳಿದ ಸುಖ ಅದು.

ಚಿಕ್ಕ ರೆಕ್ಕೆಗೆ ಅವಳು ಇನ್ನೂ ಸಿದ್ಧಳಲ್ಲವೆಂದು ನಾನು ಹೇಳಿದ್ದೆ. ಅವಳ ಕೈ ಒಳ್ಳೆಯದಿತ್ತು, ಆದರೆ ಅಭ್ಯಾಸ ಇನ್ನೂ ಮೈಗಿಳಿಯಬೇಕಿತ್ತು. ಗಾಬರಿಯಾದಾಗ ಕೆಲಸ ಮಾಡುವುದು ಬುದ್ಧಿಯಲ್ಲ, ಮೈ. ಬೇಸಿಗೆ ಕಳೆಯಲಿ ಎಂದೆ. ಆದರೆ ಯಾರೋ ದೊಡ್ಡ ಅತಿಥಿಗಳು ಬರುವವರಿದ್ದರು, 'ಸ್ಥಳೀಯ ಹೆಣ್ಣುಮಗಳು' ವೇಗದ ಪ್ಯಾರಾಚೂಟಿನಲ್ಲಿ ಇಳಿದರೆ ಶೋಭೆ ಎಂದು ವ್ಯವಸ್ಥಾಪಕನಿಗೆ ತೋರಿತು. ನಾನು ಅಡ್ಡ ಬಂದೆ. ಎಲ್ಲರ ಮುಂದೆ ಅವನೆಂದ:

"ಅಂಕಲ್, ನಿಮ್ದು ಗುಂಡು ಪ್ಯಾರಾಚೂಟಿನ ಕಾಲ. ಬಿಡಿ."

ಸವಿತೆಯ ಮುಖ ನೋಡಿದೆ. ಅವಳು ನನ್ನ ಪರವಾಗಿಯೂ ಮಾತಾಡಲಿಲ್ಲ, ಅವನ ಪರವಾಗಿಯೂ ಮಾತಾಡಲಿಲ್ಲ. ಆಮೇಲೆ ಒಬ್ಬಳೇ ಬಂದು, "ಬೇಜಾರ್ ಮಾಡ್ಕಬೇಡಿ ಸಾರ್. ಇದ ಬುಟ್ರೆ ನಂಗೆ ಇನ್ನೊಂದ್ ದಪ ಕೊಡಕಿಲ್ಲ. ನೀವ್ ಯೋಳಿರದ್ನ ಒಂದೂ ಮರ್ತಿಲ್ಲ" ಎಂದಳು. ಮುಂದಿನ ಕೆಲವು ಜಿಗಿತಗಳನ್ನು ಚಿಕ್ಕ ರೆಕ್ಕೆಯಲ್ಲೇ ಮಾಡಿ ಚೊಕ್ಕವಾಗಿ ಇಳಿದಳು. ನನ್ನ ಭಯ ಸುಳ್ಳಾಯಿತೆಂದು ವ್ಯವಸ್ಥಾಪಕ ಸಂಭ್ರಮಿಸಿದ. ಸುಳ್ಳಾಗಲಿ ಎಂದೇ ನಾನೂ ಬಯಸಿದ್ದೆ.

ಅಷ್ಟರಲ್ಲಿ ಅರಿಶಿನ ಕೀಳುವ ಕಾಲ ಬಂತು. ಹರವೆಯ ಸುತ್ತ ಕೊಪ್ಪರಿಗೆಗಳು ಒಲೆಯೇರಿದವು. ವಿಮಾನದ ಸದ್ದಿಗೆ ದನ ಬೆದರುತ್ತವೆಂದು ಊರವರು ತಕರಾರು ತೆಗೆದಿದ್ದರಿಂದ ಅವರನ್ನು ಒಲಿಸಿಕೊಳ್ಳಲು ವ್ಯವಸ್ಥಾಪಕ ಉದಾರನಾದ. 'ಕಣ ನಮಗೇನೂ ಬೇಕಾಗಿಲ್ಲ, ನಿಮ್ಮ ಅರಿಶಿನ ಒಣಗಿಸಿಕೊಳ್ಳಿ' ಎಂದು ಪುಟ್ಟತಾಯಮ್ಮನಿಗೆ ಹೇಳಿ ಕಳಿಸಿದ. ನನಗೆ ತಿಳಿಸಲಿಲ್ಲ. ಅಷ್ಟೇ ಅಲ್ಲ, ಅತಿಥಿಗಳು ಬಂದ ಆ ಬೆಳಿಗ್ಗೆ ನನ್ನನ್ನು ಇಳಿಯುವ ಬಯಲಿನಿಂದ ತೆಗೆದು, ಪದಕಗಳನ್ನು ಹಾಕಿಸಿ, ಶಾಮಿಯಾನದ ಕೆಳಗೆ ಪ್ರದರ್ಶನದ ಗೊಂಬೆಯಂತೆ ನಿಲ್ಲಿಸಿದ. ನನ್ನ ಕೈಯಲ್ಲಿದ್ದ ವಾಕಿಟಾಕಿಯನ್ನು ಇನ್ನೊಬ್ಬನಿಗೆ ಕೊಡಿಸಿದ.

ಬಿಸಿಲೇರಿದ ಮೇಲೆ ಗಾಳಿಯನ್ನು ನೆಚ್ಚುವಂತಿಲ್ಲ, ಆಗ ಜಿಗಿತ ಬೇಡವೆಂಬುದು ನನ್ನ ನಿಯಮ. ಅತಿಥಿಗಳು ತಡವಾಗಿ ಬಂದರು. ಶಾಮಿಯಾನದಿಂದಲೇ ನಾನು ಅವಳ ರೆಕ್ಕೆ ಬಿಚ್ಚಿಕೊಂಡದ್ದನ್ನು ನೋಡಿದೆ, ಚಿಕ್ಕದು, ಕೆಂಪು. ತಪ್ಪಿಲ್ಲದ ಸುತ್ತು ಹಾಕಿ, ಅವಳು ಅಂದು ಬೀಸುತ್ತಿದ್ದ ಪಡುವಣ ಗಾಳಿಗೆ ಎದುರಾಗಿ ಬಯಲಿನ ಮೇಲೆ ಸಾಗಿದಳು. ಆಗ ಗಾಳಿ ಸತ್ತಿತು. ಗಾಳಿಯ ದಿಕ್ಕು ತೋರಿಸುವ ನಮ್ಮ ಬಟ್ಟೆಯ ಚೀಲ ಒದ್ದೆ ಸೀರೆಯಂತೆ ಕಂಬಕ್ಕೆ ಅಂಟಿಕೊಂಡಿತು. ಗುರಿ ಅವಳ ಕಾಲಡಿಯಿಂದ ಹಿಂದಕ್ಕೆ ಸರಿಯಿತು. ಎದುರಿಗೆ ಕಣ. ಕಣದ ತುಂಬ ಹಳದಿ.

ನೇರವಾಗಿ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಬೆಂದ ಅರಿಶಿನದ ಮೇಲೆ ಜಾರಿ, ಹಳದಿಯಾಗಿ, ನಗುತ್ತ ಎದ್ದು ಬರುತ್ತಿದ್ದಳು.

ಮರದೆತ್ತರದಲ್ಲಿ ಅವಳ ಎಡಗೈ ಕೆಳಗಿಳಿಯಿತು. ಒಂದೇ ಕೈ.

ಆಸ್ಪತ್ರೆಗೆ ಒಯ್ಯುವಾಗ, ಚಾಮರಾಜನಗರ ತಲುಪುವ ಮೊದಲೇ ಉಸಿರು ನಿಂತಿತು. ಮರುದಿನ ಅವಳಿಗೆ ಮಾಡಿಸಿದ ಕೊನೆಯ ಸ್ನಾನಕ್ಕೆ ಪುಟ್ಟತಾಯಮ್ಮ ಅದೇ ಕಣದ ಅರಿಶಿನವನ್ನು ತಾನೇ ಅರೆದಳು. ಬೇರೆ ಯಾರಿಗೂ ಗುಂಡುಕಲ್ಲು ಮುಟ್ಟಲು ಬಿಡಲಿಲ್ಲ.

ಶಿಬಿರದವರು ತಿಳಿಸಿದ್ದು ಇಷ್ಟು: ಮೃತಳು ಊರಿನವರ ಮುಂದೆ ಪ್ರದರ್ಶನ ಮಾಡುವ ಉತ್ಸಾಹದಲ್ಲಿ, ತರಬೇತಿಗೆ ವಿರುದ್ಧವಾಗಿ, ಅಪಾಯಕಾರಿ ತಿರುವು ತೆಗೆದುಕೊಂಡಳು. ಹೇಳಿಕೆ ಪತ್ರಿಕೆಯಲ್ಲಿ ಬಂತು. ಚಹಾದಂಗಡಿಗಳಿಗೆ ಬಂತು. 'ಶೋ ಮಾಡಕೋಗಿ ಸತ್ಲು' ಎಂಬ ಮೂರು ಪದಗಳಾಗಿ ಈ ಸೀಮೆಯಲ್ಲಿ ನೆಲೆಸಿತು. ಶ್ರದ್ಧಾಂಜಲಿ ಸಭೆಯಲ್ಲಿ ನಾನು ಎದ್ದು ನಿಂತಾಗ ವ್ಯವಸ್ಥಾಪಕ ಮೈಕನ್ನು ನನ್ನ ಕೈಗೆ ಸಿಗದಂತೆ ಪಕ್ಕಕ್ಕೆ ಸರಿಸಿದ. ಸರಿಸಿದ್ದು ಬಲಗೈಯಿಂದ, ಎಡಗೈಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದ.

ಅವಳು ಪ್ರದರ್ಶನಕ್ಕಾಗಿ ತಿರುಗಲಿಲ್ಲವೆಂದು ನನಗೆ ತಿಳಿದಿತ್ತು. ಹಾಗಾದರೆ ಏಕೆ ತಿರುಗಿದಳೆಂಬುದನ್ನು ಕೇಳಲು ಪುಟ್ಟತಾಯಮ್ಮನಲ್ಲಿಗೆ ಹೋದೆ. ಅಂದು ಕಣದಲ್ಲಿ ಗೋರೆ ಹಿಡಿದು ನಿಂತಿದ್ದವಳು ಅವಳೊಬ್ಬಳೇ.

"ನಾನ್ ಕೂಗ್ದೆ ಮೇಷ್ಟ್ರೆ" ಎಂದಳು. "ಗಾಳೀಲಿ ಬತ್ತಾವ್ಳೆ, ಕಾಲಲ್ಲಿ ಆ ದಪ್ಪ ಬೂಟು. ಬಾಯಿಗ್ ಬಂದ್ಬುಡ್ತು. 'ಅಮ್ಮಿ, ಅರಿಸ್ನ ಕಣಮ್ಮಿ, ಮೆಟ್ಟಾಕಂಡು ತುಳ್ದುಬುಟ್ಟೀಯೆ' ಅಂದೆ. ದಿನಾ ಅನ್ನ ಅಂಗೇ ಅಂದೆ. ತಿರುಕ್ಕಂಡ್ಲು."

ಆಮೇಲೆ ಕೇಳಿದಳು: "ಅಷ್ಟೆತ್ತರುಕ್ಕೆ ಕೇಳಿಸ್ತದಾ ಮೇಷ್ಟ್ರೆ?"

ನನ್ನ ಕಸುಬಿನ ವಿಷಯದಲ್ಲಿ ನಾನು ಯಾವ ಅಧಿಕಾರಿಯ ಮುಂದೆಯೂ ಸುಳ್ಳಾಡಿದವನಲ್ಲ. ಅದರಿಂದ ಬಡ್ತಿ ತಪ್ಪಿದ್ದುಂಟು. ಅಂದು ನಾನೆಂದೆ: "ಕೇಳಿಸುವುದಿಲ್ಲ ತಾಯಿ. ಕಿವಿಯ ತುಂಬ ಗಾಳಿಯ ಸದ್ದು. ನೀವು ಕೂಗಿದ್ದು ಅವಳಿಗೆ ತಲುಪಿರಲಾರದು. ಅರಿಶಿನ ಕಂಡು ತಾನಾಗಿಯೇ ತಿರುಗಿದಳು."

ಆಮೇಲೆ ನನ್ನ ಬಾಯಿ ಕಟ್ಟಿಹೋಯಿತು. ಅರಿಶಿನದ ಮಾತೆತ್ತಿದರೆ, ಅಲ್ಲಿ ಯಾರಿದ್ದರು, ಏನೆಂದರು ಎಂದು ವಿಚಾರಿಸುತ್ತ ಎಲ್ಲರೂ ಅವಳ ಬಾಗಿಲಿಗೆ ಬರುತ್ತಿದ್ದರು. ಮೊದಲು ಬರುವವನು ವ್ಯವಸ್ಥಾಪಕನೇ, ತಪ್ಪು ಹೊರಿಸಲು ಒಂದು ತಲೆ ಸಿಕ್ಕಿತೆಂಬ ಸಮಾಧಾನದಿಂದ. ಆದುದರಿಂದ, ನನ್ನ ಶಿಷ್ಯೆಯ ಮೇಲಿನ ಆ ಮೂರು ಪದಗಳನ್ನು ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ, ಕ್ಷೌರದಂಗಡಿಯಲ್ಲಿ, ನೆಂಟರ ಮದುವೆಯ ಊಟದೆಲೆಯ ಮುಂದೆ ಕೇಳಿ ಕೇಳಿ ನುಂಗಿದೆ. ನನಗಾದ ಅವಮಾನಗಳಲ್ಲಿ ನಾನು ಉತ್ತರ ಕೊಡದೆ ಬಿಟ್ಟದ್ದು ಅದೊಂದೇ. ಅದು ನನ್ನದಾಗಿರಲೂ ಇಲ್ಲ. ಶಿಬಿರ ಮರುವರ್ಷವೇ ಗಂಟುಮೂಟೆ ಕಟ್ಟಿತು. ಡಾಂಬರು ಪಟ್ಟಿಯ ಮೇಲೆ ಈಗ ಹುರುಳಿ ಬಡಿಯುತ್ತಾರೆ.

ಪ್ರತಿ ವರ್ಷ ಅರಿಶಿನದ ಕಾಲಕ್ಕೆ ನಾನು ಹರವೆಗೆ ಹೋಗುತ್ತಿದ್ದೆ. ಪ್ರತಿ ವರ್ಷ ಪುಟ್ಟತಾಯಮ್ಮ ಅದೇ ಪ್ರಶ್ನೆ ಕೇಳುತ್ತಿದ್ದಳು, ನಾನು ಅದೇ ಉತ್ತರ ಕೊಡುತ್ತಿದ್ದೆ. ಉತ್ತರ ಕೇಳಿ, "ಅಂಗಾರೆ ಸರಿ" ಎಂದು ಒಳಗೆ ಹೋಗಿ ಕಾಫಿ ತರುತ್ತಿದ್ದಳು. ಅವಳ ಮನಸ್ಸಿಗೆ ಒಂದು ವರ್ಷದ ನೆಮ್ಮದಿ ಕೊಟ್ಟೆನೆಂದುಕೊಂಡು ನಾನು ಬಸ್ಸು ಹತ್ತುತ್ತಿದ್ದೆ.

ಕಳೆದ ತಿಂಗಳು ಹೋದಾಗ ಅವಳು ಚಾಪೆ ಬಿಟ್ಟು ಏಳುತ್ತಿರಲಿಲ್ಲ. ಈ ಸಲ ಪ್ರಶ್ನೆ ಕೇಳಲಿಲ್ಲ. ನಾನೇ, ವಾಡಿಕೆಯಂತೆ, "ಅಷ್ಟೆತ್ತರಕ್ಕೆ ಕೇಳಿಸುವುದಿಲ್ಲ ತಾಯಿ" ಎಂದೆ.

"ಬುಡಿ ಮೇಷ್ಟ್ರೆ" ಎಂದಳು. "ನಾನ್ ಮೇಕೆ ಬಯ್ಯದು ಆಕಾಸುಕ್ಕೆ ಕೇಳಿಸ್ತದೆ ಅಂತ ಅಮ್ಮಿ ಆವತ್ತೇ ಬಂದು ಯೋಳಿ ನಗಾಡಿದ್ಲು."

ನಾನು ಚಾಪೆಯ ಹತ್ತಿರಕ್ಕೆ ಸರಿದು ಕೇಳಿದೆ:

"ಮತ್ತೆ ವರ್ಷ ವರ್ಷ ಯಾಕೆ ಕೇಳುತ್ತಿದ್ದಿರಿ?"

"ನೀವ್ ಅದ ಯೋಳಕೇ ಅಷ್ಟು ದೂರದಿಂದ ಬತ್ತಿದ್ರಿ. ಯೋಳ್ದೆ ಓದ್ರೆ ನಿಮ್ಗೆ ತಡಿತಿರ್ನಿಲ್ಲ." ಉಸಿರು ತೆಗೆದುಕೊಂಡು ಮತ್ತೆ ಅಂದಳು: "ನನ್ ಕಾಲ ಆದ್ಮೇಲೆ ನಿಜ ಯೋಳ್ಬುಡಿ. ನಾನ್ ಕೂಗಿದ್ದೂ ಸೇರ್ಸಿ. ಅಮ್ಮಿ ಮೆರಿಯಕೋಗಿ ಸಾಯ್ನಿಲ್ಲ."

ಹನ್ನೊಂದನೆಯ ದಿನ ಎಡೆ ಇಟ್ಟು, ಜನ ಊಟಕ್ಕೆ ಕುಳಿತಿದ್ದರು. ನನ್ನ ಎದುರು ಸಾಲಿನಲ್ಲಿದ್ದ ಒಬ್ಬ ಮಧ್ಯವಯಸ್ಕ ಪಕ್ಕದವನಿಗೆ ಹೇಳುತ್ತಿದ್ದ: "ಇವಳೇ ಸಾಕಿದ್ಲು ಕಣ್ಲಾ, ಆ ಪ್ಯಾರಾಚೂಟ್ ಉಡ್ಗೀನ. ಶೋ ಮಾಡಕೋಗಿ ಸತ್ಲಲ್ಲ, ಅದೇ."

ನಾನು ಎಲೆಯ ಮುಂದಿನಿಂದ ಎದ್ದೆ. ಮೈಕು ಬೇಕಾಗಲಿಲ್ಲ. ಗಾಳಿ ಸತ್ತದ್ದನ್ನೂ, ಕಣ ಎದುರಾದದ್ದನ್ನೂ, ನೇರವಾಗಿ ಇಳಿದಿದ್ದರೆ ಅವಳು ಬದುಕುತ್ತಿದ್ದಳೆಂಬುದನ್ನೂ ಕ್ರಮವಾಗಿ ಹೇಳಿದೆ. ಕೊನೆಗೆ ಹೇಳಿದೆ: "ಕಾಲಲ್ಲಿ ಬೂಟಿತ್ತು. ಅರಿಶಿನ ತುಳಿಯಬಾರದೆಂದು ತಿರುಗಿದಳು."

ಪುಟ್ಟತಾಯಮ್ಮ ಕೂಗಿದ್ದನ್ನು ಹೇಳಲು ಅವಳ ಎಡೆಯ ಮುಂದೆ ನನಗೆ ನಾಲಿಗೆ ಏಳಲಿಲ್ಲ. ಅವಳ ಮಾತಿನಂತೆ ಇಲ್ಲಿ ಬರೆದಿದ್ದೇನೆ.

ಸಾಂಬಾರಿನ ಬಕೆಟ್ಟು ಹಿಡಿದವನು ನಿಂತಲ್ಲೇ ನಿಂತ. ಹೆಂಗಸರ ಸಾಲಿನಲ್ಲಿ ಒಬ್ಬ ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆ ಮಾತಾಡಿದವನು ತನ್ನ ಎಲೆಯನ್ನು ನೋಡುತ್ತ, "ಇನ್ನೇನ್ ಮಾಡಾಳು, ಮಗು" ಎಂದ. ಶಿಬಿರದವರಿಗೆ ನಾನು ಇದನ್ನು ಹೇಳಿದ್ದರೆ ಅರಿಶಿನವೆಂದರೇನು, ಬೂಟಿನಿಂದ ಏನಾಗುತ್ತದೆ ಎಂದು ವಿವರಿಸಬೇಕಾಗುತ್ತಿತ್ತು, ವಿವರಿಸಿದ ಮೇಲೂ ಅವರು ನಕ್ಕಿರುತ್ತಿದ್ದರು. ಅಲ್ಲಿ ಅಷ್ಟು ಜನ ಕುಳಿತಿದ್ದರು. ಏಕೆ ಎಂದು ಒಬ್ಬರೂ ಕೇಳಲಿಲ್ಲ.